ಕ್ಯಾಮೆರಾ ಬಂದ್ ಮಾಡ್ರಿ

ಗೋಡೆಯ ಮೇಲಿನ ಕೆಂಪು ಗೆರೆ ಇನ್ನೂ ಬೆಳೆಯುತ್ತಲೇ ಇದೆ, ಉಳಿದವರ ಗೆರೆಗಳೆಲ್ಲ ಗೇಣುದ್ದಕ್ಕೆ ನಿಂತುಬಿಟ್ಟವು, ಇದೊಂದೇ ಪರದೆ ಸಾಲದೆ ಸುಣ್ಣದ ಗೋಡೆಗೆ ಹತ್ತಿದೆ, ಯಾರದಪ್ಪಾ ಇದು ಎಂದು ನಂದಾ ಕಣ್ಣು ಕಿರಿದು ಮಾಡಿ ನೋಡಿದಳು — ತನ್ನದೇ, ನಂದಾ, ಹೊಲಿಗೆ ಶಿಕ್ಷಕಿ, ಇಪ್ಪತ್ತೊಂಬತ್ತು ಮಂದಿಯಲ್ಲಿ ಇಪ್ಪತ್ತೊಂಬತ್ತನೆಯವಳು, ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ನಗಲಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೂ ಹುಕ್ಕೇರಿಯ ಈ ಹೈಸ್ಕೂಲಿನ ಸಭಾಂಗಣದಲ್ಲಿ ಎಲ್ಲರನ್ನೂ ಕೂಡಿಹಾಕಿದ್ದೇ ಈ ನಗೆಗೆ. ಒಂದು ತಿಂಗಳ ಹಿಂದೆ ಸಂಸ್ಥೆಯ ಸೆಕ್ರೆಟರಿ ಅಣ್ಣಾಸಾಹೇಬರು ಎಲ್ಲ ಶಿಕ್ಷಕರ ಮೊಬೈಲಿಗೂ, ತಮ್ಮದಕ್ಕೂ ಒಂದು ಆಪ್ ಹಾಕಿಸಿದ್ದರು, ಯಾರು ಎಷ್ಟು ಹೊತ್ತು ವಿಡಿಯೋ ನೋಡಿದರು, ಎಷ್ಟು ಫೋಟೋ ಕಳಿಸಿದರು, ಆನ್‌ಲೈನಿನಲ್ಲಿ ಏನೇನು ತರಿಸಿದರು, ಅದರಿಂದ ಗಾಳಿಗೆ ಎಷ್ಟು ಹೊಗೆ ಸೇರಿತು, ಎಲ್ಲ ಅದೇ ಗೆರೆ ಎಳೆದು ಹೇಳುತ್ತದಂತೆ, ಆವತ್ತು ಅವಳಿಗೆ ಖುಷಿಯೇ ಆಗಿತ್ತು — ಖರೆ, ಖುಷಿ ಆಗಿತ್ತು — ಮಾರ್ಚಿನಲ್ಲೇ ಹೊಲಿಗೆ ಕೋಣೆಯ ತಗಡಿನ ಕೆಳಗೆ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ಬಿಸಿಲ ಝಳಕ್ಕೆ ತಲೆ ತಿರುಗಿ ಬಿದ್ದದ್ದನ್ನು ಕಂಡವಳು ಅವಳು, ನನ್ನಿಂದಾದಷ್ಟು ಮಾಡೋಣ ಅಂತ ಮುಂಜಾನೆಯ ಹೂವಿನ ಚಿತ್ರ ಕಳಿಸುವುದು ಬಿಟ್ಟಳು, ಹಳೆಯ ನಾನೂರು ಫೋಟೋ ಅಳಿಸಿದಳು, ಕುಬಸದ ಡಿಸೈನಿನ ವಿಡಿಯೋ ನೋಡುವುದನ್ನೂ ಬಿಟ್ಟಳು, ಬೆಲ್ಲದ ಬಾಗೇವಾಡಿಯಿಂದ ದಿನವೂ ಬಸ್ಸಿಗೆ ಬರುವವಳು, ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವವಳು, ಆದರೂ ಕೆಂಪು. ಅಣ್ಣಾಸಾಹೇಬರದು ಹಸಿರು, ಎಲ್ಲರಿಗಿಂತ ಗಿಡ್ಡ ಗೆರೆ, ಈಗಷ್ಟೇ ಅವರಿಗೆ ಒಂದು ಸಸಿ ಕೊಟ್ಟು ಚಪ್ಪಾಳೆ ತಟ್ಟಿಸಿದರು, ಗೋಕಾಕದಿಂದ ಏಳು ಮಂದಿ ಕೂಡುವ ಗಾಡಿಯಲ್ಲಿ ಒಬ್ಬರೇ ಬರುವವರು, ಅವರು ಹತ್ತಿದಾಗ ಒಳಗೆ ತಂಪಿರಲಿ ಎಂದು ಡ್ರೈವರ್ ಈಗಲೂ ಹೊರಗೆ ಇಂಜಿನ್ ಶುರು ಇಟ್ಟುಕೊಂಡೇ ನಿಂತಿದ್ದಾನೆ, ಗುರ್ ಎನ್ನುವುದು ಕಿಟಕಿಯಿಂದ ಕೇಳುತ್ತಿದೆ, ಎಲ್ಲರಿಗೂ ಕೇಳುತ್ತಿದೆ, ಆಪ್‌ಗೆ ಮಾತ್ರ ಕೇಳುವುದಿಲ್ಲ, ಅದಕ್ಕೆ ಮೊಬೈಲಿನ ಒಳಗಿನದಷ್ಟೇ ಕಾಣುತ್ತದೆ.

ಮತ್ತೆ ಅದಕ್ಕೆ ಕಂಡದ್ದು ಏನು, ದಿನಾ ಸಂಜೆ ಐದೂವರೆಗೆ ಒಂದು ವಿಡಿಯೋ ಕಾಲ್, ನಲವತ್ತು ನಿಮಿಷ, ಒಂದು ದಿನವೂ ತಪ್ಪಿಲ್ಲ, ಶನಿವಾರ ಮಾತ್ರ ಮಧ್ಯಾಹ್ನ ಒಂದಕ್ಕೆ. ಭಾಗ್ಯಾ. ಹನ್ನೊಂದು ವರ್ಷದ ಮಗಳು, ಬೆಳಗಾವಿಯಲ್ಲಿ ಕಿವಿ ಕೇಳದ ಮಕ್ಕಳ ವಸತಿ ಶಾಲೆಯಲ್ಲಿದ್ದಾಳೆ, ಹುಟ್ಟಿದಾಗಿನಿಂದ ಒಂದು ಸಪ್ಪಳವೂ ಕೇಳಿದವಳಲ್ಲ, ತೊಟ್ಟಿಲ ಬಾಜೂ ಹಿತ್ತಾಳೆ ಪರಾತ ಬಿದ್ದಾಗ ಮನೆಯವರೆಲ್ಲ ಬೆಚ್ಚಿದರೂ ಕೂಸು ಮಲಗೇ ಇತ್ತು, ಆವತ್ತೇ ನಂದಾಗೆ ಗೊತ್ತಾಗಿತ್ತು, ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಕೇಳದ ಕೂಸಿನ ಮುಂದ ಏನ ಬಡಬಡಸ್ತಿ, ಸುಮ್ನಿರು ಎನ್ನುತ್ತಿದ್ದರು ಅತ್ತೆ ಯಮನವ್ವ, ಏಳು ವರ್ಷ ತಾಯಿ ಮಗಳ ನಡುವೆ ಹಸಿವು, ನೀರು, ಬಾ, ಬೇಡ ಇಷ್ಟೇ ಇತ್ತು, ಜ್ವರದಲ್ಲಿ ಎಲ್ಲಿ ನೋಯುತ್ತದೆ ಎಂದು ಕೇಳಲಾಗದೆ ಮೈಯೆಲ್ಲ ಒತ್ತಿ ಒತ್ತಿ ನೋಡುತ್ತಿದ್ದಳು, ಆಮೇಲೆ ಆ ಶಾಲೆ, ಆಮೇಲೆ ಮೊಬೈಲಿನಲ್ಲಿ ಆ ಎರಡು ಪುಟ್ಟ ಕೈಗಳು ತಾಯಿಗೇ ಕಲಿಸತೊಡಗಿದವು, ಇದು ಸಿಟ್ಟು, ಇದು ನಾಚಿಕೆ, ಇದು ನಿನ್ನೆ, ಇದು ಸುಳ್ಳು, ಅವ್ವ ತಪ್ಪಿದರೆ ಮಗಳು ಹಣೆ ಬಡಿದುಕೊಂಡು ನಗುತ್ತಾಳೆ, ಈಗ ಯಮನವ್ವ ಕೂಡ ಕಾಲ್ ಬಂತೆಂದರೆ ಕನ್ನಡಕ ಹುಡುಕುತ್ತಾರೆ, ಮೊಮ್ಮಗಳಿಗೆ ರೊಟ್ಟಿ ಬಡಿದು ತೋರಿಸುತ್ತಾರೆ — ಆ ನಲವತ್ತು ನಿಮಿಷಕ್ಕೆ ಈ ಕೆಂಪು. ಕಾಲ್ ಮುಗಿದೊಡನೆ ದಿನಾ ಒಂದು ಎಲೆಯ ಚಿತ್ರ, ಕೆಳಗೆ ಬರಹ, ಕ್ಯಾಮೆರಾ ಬಂದ್ ಮಾಡಿ, ಧ್ವನಿಯಲ್ಲೇ ಮಾತಾಡಿ, ಭೂಮಿ ಉಳಿಸಿ, ಧ್ವನಿಯಂತೆ, ಯಾರ ಧ್ವನಿ, ಯಾರ ಕಿವಿಗೆ.

ನಂದಾ ಮೇಡಂ, ಇಲ್ಲೆ ಬರ್ರಿ, ಎಂದ ಸ್ವಪ್ನಿಲ್, ಆಪ್ ಮಾಡಿದ ಕಂಪನಿಯಿಂದ ಬಂದವನು, ನಗುಮುಖದವನು, ಅವನ ಕೈಯಲ್ಲೊಂದು ಪ್ರತಿಜ್ಞಾಪತ್ರ, ಎಲ್ಲರ ಮುಂದೆ ಓದಿ ಸಹಿ ಹಾಕಬೇಕು, ಇನ್ನು ಮೇಲೆ ವಿಡಿಯೋ ಕಾಲ್ ಮಾಡುವುದಿಲ್ಲ, ಅವನ ಪಕ್ಕದ ಮೇಜಿನ ಮೇಲೆ ಬಿದಿರಿನ ಬುಟ್ಟಿ, ಅದರಲ್ಲಿ ಇಪ್ಪತ್ತೊಂಬತ್ತು ಮೊಬೈಲ್, ಒಂದು ತಾಸಿನ ಉಪವಾಸವೆಂದು ಹನ್ನೆರಡಕ್ಕೇ ಇಸಿದುಕೊಂಡದ್ದು, ಈಗ ಒಂದಾಗುತ್ತಾ ಬಂತು, ಅಲ್ಲಿ ವಸತಿ ಶಾಲೆಯಲ್ಲಿ ವಾರ್ಡನ್ ಭಾಗ್ಯಾಳ ಕೈಗೆ ಮೊಬೈಲ್ ಕೊಡುವ ಹೊತ್ತು, ಸಾಲಿನಲ್ಲಿ ಇನ್ನೂ ಮೂರು ಮಕ್ಕಳಿರುತ್ತಾರೆ, ಒಮ್ಮೆ ತಪ್ಪಿದರೆ ನಾಳೆಯೇ. ನಂದಾ ಹೋಗಿ ನಿಂತಳು, ಹಾಳೆ ತೆಗೆದುಕೊಂಡಳು, ಅಕ್ಷರಗಳು ಕುಣಿಯುತ್ತಿವೆ, ಓದಲಿಲ್ಲ. ನನ್ನ ಮಗಳಿಗೆ ಕಿವಿ ಕೇಳಾಂಗಿಲ್ರಿ, ಆಕಿ ಕೈಲೆ ಮಾತಾಡ್ತಾಳ, ಕ್ಯಾಮೆರಾ ಬಂದ್ ಮಾಡಿದ್ರ ಹೆಂಗ ಮಾತಾಡ್ಲಿ ಹೇಳ್ರಿ, ಅಂದಳು, ಸಣ್ಣ ದನಿಯಲ್ಲೇ ಅಂದಳು, ಸ್ವಪ್ನಿಲ್ ನಗು ಮರೆತು ತನ್ನ ಲ್ಯಾಪ್‌ಟಾಪ್ ನೋಡಿದ, ಅದಕ್ಕ ಇದ್ರಾಗ ಜಾಗಾ ಇಲ್ರಿ ಮೇಡಂ, ಎಲ್ಲಾರಿಗೂ ಒಂದ ಲೆಕ್ಕ ಐತ್ರಿ, ಎಂದ, ಅವನ ಮುಖದಲ್ಲೂ ಸಂಕಟವಿತ್ತು, ಅಣ್ಣಾಸಾಹೇಬರು ಸಸಿಯ ಕುಂಡವನ್ನು ಸರಿಸಿ ಸಮಾಧಾನದ ದನಿಯಲ್ಲಿ, ಅಕ್ಕೋರ, ವಾರಕ್ಕೊಮ್ಮೆ ಮಾತಾಡಿದ್ರ ನಡೀತೈತೆಲ್ಲ, ಸಂಸ್ಥಾದ ಹೆಸರ ನೋಡ್ರಿ ಜರಾ, ಎಂದರು. ವಾರಕ್ಕೊಮ್ಮೆ. ಇವರಿಗೆ ವಾರಕ್ಕೊಮ್ಮೆ ಬಾಯಿ ತೆಗೆಯಿರಿ ಎಂದರೆ — ಏಳು ವರ್ಷ ಮೂಕಿಯಾಗಿದ್ದವಳು ಮಗಳಲ್ಲ, ತಾನು, ಈಗ ಮಾತು ಬಂದಿದೆ, ಅದನ್ನು ಇವರ ಹಸಿರಿಗೆ ಒತ್ತೆ ಇಡಬೇಕೇ, ಹೊರಗಿನ ಗುರ್ ಇನ್ನೂ ನಿಂತಿಲ್ಲ, ನಿಮ್ಮ ಗಾಡಿ ಬಂದ್ ಮಾಡಸ್ರಿ ಸರ, ಎಂದಳು ನಂದಾ, ಮೊದಲ ಅದನ್ನ ಬಂದ್ ಮಾಡಸ್ರಿ, ಆಮ್ಯಾಲೆ ನನ್ನ ಮಗಳ ಕೈ ಬಂದ್ ಮಾಡಾಕ ಬರ್ರಿ, ಹಾಳೆಯನ್ನು ಸಹಿಯಿಲ್ಲದೆ ಮೇಜಿನ ಮೇಲೆ ಮಗುಚಿಟ್ಟಳು, ಅಷ್ಟರಲ್ಲಿ ಬುಟ್ಟಿಯೊಳಗೆ ಒಂದು ಮೊಬೈಲ್ ಬೆಳಗಿತು.

ತೆಗೆದುಕೊಂಡಳು, ಮೇಜಿನ ಮೇಲಿನ ಮೈಕಿನ ಕಂಬಕ್ಕೆ ಆನಿಸಿ ನಿಲ್ಲಿಸಿದಳು, ಎರಡು ಕೈಯೂ ಬೇಕಲ್ಲ, ಪರದೆಯಲ್ಲಿ ಭಾಗ್ಯಾ, ಎಣ್ಣೆ ಹಚ್ಚಿದ ಜಡೆ, ಅವ್ವನ ಮುಖ ಕಂಡೊಡನೆ ಹುಬ್ಬು ಗಂಟಾಯಿತು, ಸಿಟ್ಟು ಯಾಕೆ ಎಂದಿತು ಒಂದು ಕೈ, ಹಿಂದೆ ಯಾರು ಅವರೆಲ್ಲ ಎಂದಿತು ಇನ್ನೊಂದು, ನಂದಾ ಬೆರಳು ಕೂಡಿಸಿ ಬಿಡಿಸಿ ಹೇಳಿದಳು, ಇವರು ನಿನ್ನ ಕೂಡ ಮಾತಾಡಬೇಡ ಅಂತಾರ, ನಾನು ಒಲ್ಲೆ ಅಂದೆ, ಇಪ್ಪತ್ತೆಂಟು ಮಂದಿ ನೋಡುತ್ತಿದ್ದರು, ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ, ಭಾಗ್ಯಾ ಅವರನ್ನು ಒಬ್ಬೊಬ್ಬರಾಗಿ ನೋಡಿದಳು, ತುಟಿ ಬಿಗಿಯಿತು, ಏನೋ ಹೇಳಲು ಬಲಗೈ ಎತ್ತಿದಳು, ಐದೂ ಬೆರಳು ಅಗಲಿಸಿ — ನೆಟ್‌ವರ್ಕ್ ನಿಂತಿತು, ಬೆರಳುಗಳು ಎದೆಗೆ ಬರುವವೋ ಹಣೆಗೆ ಹೋಗುವವೋ, ಎದೆಗಾದರೆ ಬಾ ಎಂದು, ಹಣೆಗಾದರೆ ಬಿಡಬೇಡ ಎಂದು, ನಂದಾ ಪರದೆಗೆ ಇನ್ನಷ್ಟು ಬಾಗಿದಳು, ಅರ್ಧ ಎತ್ತಿದ ಕೈ, ಅಗಲಿಸಿದ ಐದು ಬೆರಳು, ಆ ಕೈ