ಪರೀಕ್ಷೆಯ ವಾರದ ಮಾತ್ರೆ

ನನ್ನ ಗಂಡನ ಹೃದಯಾಘಾತಕ್ಕೆ ನಮ್ಮ ಮನೆ ತೆತ್ತದ್ದು ಇಷ್ಟು: ಕೂಡಿಟ್ಟ ಹಣ, ಸ್ಕೂಟರು, ಅಡುಗೆಯ ಅರ್ಧ ಉಪ್ಪು, ಅವರ ಸಿಗರೇಟು. ಸಿಗರೇಟಿಗಾಗಿ ನಾನೇನೂ ಅಳಲಿಲ್ಲ. ಬದಲಿಗೆ ಮನೆಗೆ ಬಂದದ್ದು ಒಂದು ಡಬ್ಬಿ ಮಾತ್ರೆ ಮತ್ತು ರಕ್ತದ ಒಂದು ಅಂಕಿ.

ಆ ಅಂಕಿ ಏನೆಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ಹೃದಯದ ಮೇಲೆ ಒತ್ತಡ ಜಾಸ್ತಿಯಾದ್ರೆ ಅದು ಒಂದು ಪ್ರೋಟೀನನ್ನ ರಕ್ತಕ್ಕೆ ಬಿಡುತ್ತೆ. ಅದು ಇಳಿದ್ರೆ ಒಳ್ಳೇದು. ಮೇಲೇ ಉಳಿದ್ರೆ ಮುಂದೆ ಮತ್ತೆ ತೊಂದ್ರೆ ಬರೋ ಸಾಧ್ಯತೆ ಹೆಚ್ಚು." ಇವರದು ಬಹಳ ಮೇಲಿತ್ತು. ಆಗಾಗ ರಕ್ತಪರೀಕ್ಷೆಗೆ ಬರಬೇಕೆಂದರು. ಮೈಯಲ್ಲಿ ನೀರು ನಿಲ್ಲದಂತೆ ದಿನಾ ಬೆಳಿಗ್ಗೆ ನುಂಗಲು ಒಂದು ಮಾತ್ರೆ ಬರೆದರು.

ಇವರ ಕೆಲಸ ಈಜುಕೊಳದಲ್ಲಿ. ನೀರಿಗೆ ಕ್ಲೋರಿನ್ ಹಾಕಬೇಕು, ಮಕ್ಕಳು ಈಜುವಾಗ ಕಣ್ಣಿಟ್ಟಿರಬೇಕು, ಯಾರಾದರೂ ಮುಳುಗಿದರೆ ಹಾರಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಮ್ಯಾನೇಜರು, "ಸದ್ಯಕ್ಕೆ ದಡದಲ್ಲಿ ನಿಂತು ಶಿಳ್ಳೆ ಊದಿ, ಹಾರೋಕೆ ಇನ್ನೊಬ್ಬನ್ನ ಇಟ್ಟಿದೀನಿ. ಸ್ಕೂಲು ರಜೆ ಶುರುವಾಗೋದರೊಳಗೆ ಡಾಕ್ಟರ ಪತ್ರ ತಂದ್ರೆ ಹಳೇ ಕೆಲಸ ನಿಮ್ದು. ಇಲ್ದಿದ್ರೆ ಅವನದು" ಎಂದಿದ್ದರು.

ಎರಡನೆಯ ಪರೀಕ್ಷೆಯಲ್ಲಿ ಅಂಕಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಆ ಕಾಗದವನ್ನು ಇವರು ಮನೆಗೆ ಬಂದವರಿಗೆಲ್ಲ ತೋರಿಸಿದರು, ಮಗ ಪಾಸಾದ ಹಾಗೆ. "ಇನ್ನೊಂದು ಸಲ ಹೀಗೇ ಬಂದ್ರೆ ಪತ್ರ ಕೊಡೋಣ" ಎಂದಿದ್ದರು ಡಾಕ್ಟರಮ್ಮ.

ನಾನು ಹೊಲಿಗೆಯವಳು. ಮೈಯ ಅಳತೆ ಬದಲಾದರೆ ಟೇಪು ಹಿಡಿಯುವ ಮೊದಲೇ ನನಗೆ ಗೊತ್ತಾಗುತ್ತದೆ. ಸಂಜೆ ಇವರು ಕಾಲುಚೀಲ ಬಿಚ್ಚಿದರೆ ಕಣಕಾಲಿನ ಸುತ್ತ ದಾರ ಬಿಗಿದಂಥ ಗೆರೆ. ಒತ್ತಿ ನೋಡಿದರೆ ನನ್ನ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಮೆಟ್ಟಿಲ ಅರ್ಧದಲ್ಲಿ ನಿಂತು ಗೋಡೆಯ ಬಣ್ಣ ನೋಡುವ ನಾಟಕ ಬೇರೆ. ಮೂರನೆಯ ಪರೀಕ್ಷೆ ಹತ್ತಿರ ಬಂತು, ಆ ಗೆರೆ ಮಾಯ!

"ಏನ್ರೀ, ನಿಮ್ಮ ಕಾಲೂ ಪರೀಕ್ಷೆಗೆ ಓದ್ಕೊಳುತ್ತಾ?"

"ನಿನ್ನ ಟೇಪನ್ನ ಎಲ್ಲಾ ಕಡೆ ಹಿಡೀಬೇಡ."

ನಾನು ಬಿಡಲಿಲ್ಲ. ಕೊನೆಗೆ ಬಾಯಿಬಿಟ್ಟರು. "ಆ ಮಾತ್ರೆ ನುಂಗಿದ್ರೆ ಮತ್ತೆ ಮತ್ತೆ ಬಚ್ಚಲಿಗೆ ಓಡ್ಬೇಕು ಕಣೇ. ಮಕ್ಕಳನ್ನ ನೀರಲ್ಲಿ ಬಿಟ್ಟು ಓಡ್ಲಾ? ಮ್ಯಾನೇಜರು ನೋಡಲ್ವಾ? ಅದಕ್ಕೇ ಪರೀಕ್ಷೆ ವಾರ ರಜೆ ಹಾಕಿ ತಗೋತೀನಿ. ಭಾನುವಾರ ಜನ ಗಲೀಜು ಮಾಡಿದ ನೀರಿಗೆ ಸೋಮವಾರ ಒಂದೇ ಸಲ ಕ್ಲೋರಿನ್ ಸುರೀತೀವಲ್ಲ, ಹಾಗೆ. ಅಂಕಿ ಸರಿಯಾದ್ರೆ ನೀರು ಸರಿ."

"ನೀವು ಕೊಳ ಅಲ್ಲ ಕಣ್ರೀ."

"ಅಂಕಿ ಇಳೀತೋ ಇಲ್ವೋ, ಅದನ್ನ ಹೇಳು."

ಇಳಿದಿತ್ತು, ನಿಜ.

ಮೂರನೆಯ ಸಲವೂ ಇಳಿದೇ ಇತ್ತು. ಡಾಕ್ಟರಮ್ಮ ನಕ್ಕು ಪತ್ರ ಬರೆಯಲು ಪೆನ್ನು ತೆಗೆದರು. ಇವರು ಕುರ್ಚಿಯ ತುದಿಗೆ ಬಂದು ಕೂತರು. ನನ್ನ ಕಣ್ಣ ಮುಂದೆ ರಜೆಯ ಮೊದಲ ದಿನ ಬಂತು: ಕೊಳದ ತುಂಬ ಮಕ್ಕಳು, ಅವರಲ್ಲೊಂದು ಮುಳುಗುತ್ತಾ ಕೈ ಬಡಿಯುತ್ತಿದೆ, ಇವರು ಹಾರುತ್ತಾರೆ, ಅರ್ಧ ದಾರಿಯಲ್ಲೇ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ.

"ಬರೀಬೇಡಿ ಡಾಕ್ಟ್ರೇ."

"ನೀನು ಸುಮ್ನಿರ್ತೀಯಾ?" ಇವರು ನನ್ನ ಕಡೆ ತಿರುಗಿದರು.

ನಾನು ಸುಮ್ಮನಿರಲಿಲ್ಲ. ಗೆರೆ, ಗುಳಿ, ಮೆಟ್ಟಿಲು, ಉಳಿದ ಮಾತ್ರೆ, ಎಲ್ಲ ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. "ಈ ಅಂಕಿ ಸುಳ್ಳಲ್ಲ. ಆದ್ರೆ ಇದು ಮಾತ್ರೆ ತಗೊಂಡ ಒಂದು ವಾರದ ಮಾತು. ಉಳಿದ ದಿನ ನಿಮ್ಮ ಹೃದಯ ಹೇಗಿತ್ತು ಅನ್ನೋದು ನನಗೆ ಗೊತ್ತೇ ಆಗ್ಲಿಲ್ಲ." ಅಲ್ಲೇ ಸ್ಕ್ಯಾನ್ ಮಾಡಿಸಿದರು. ಆಸ್ಪತ್ರೆಯಿಂದ ಹೊರಟ ದಿನಕ್ಕಿಂತ ಹೃದಯ ಸೊರಗಿತ್ತು. ಆಮೇಲೆ ಮೆಲ್ಲಗೆ ಕೇಳಿದರು: "ಮಾತ್ರೇನ ಕೆಲಸ ಮುಗಿಸ್ಕೊಂಡು ಸಂಜೆ ತಗೋಬಹುದಿತ್ತಲ್ಲ ಯಜಮಾನ್ರೇ. ಒಂದು ಮಾತು ನನ್ನ ಕೇಳಬಾರದಿತ್ತಾ?"

ಇವರು ಎದ್ದು ಬಾಗಿಲ ಕಡೆ ನಡೆದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಇಳಿಯುವ ಹೊತ್ತಿಗೆ, "ಸಮಾಧಾನ ಆಯ್ತಾ ನಿಂಗೆ?" ಎಂದರು.

"ಇಲ್ಲ ಕಣ್ರೀ. ಏಳಿ, ನಮ್ಮ ಸ್ಟಾಪು ಬಂತು."

ಈಗ ಇವರು ಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾರೆ. ಶಿಳ್ಳೆ ಇನ್ನೊಬ್ಬರ ಕೊರಳಿನಲ್ಲಿದೆ. ಮಾತ್ರೆಯನ್ನು ಸಂಜೆ ನನ್ನ ಮುಂದೆಯೇ ನುಂಗುತ್ತಾರೆ, ನನ್ನ ಮುಖ ಮಾತ್ರ ನೋಡುವುದಿಲ್ಲ. ಮೊನ್ನೆಯ ಪರೀಕ್ಷೆಯಲ್ಲಿ ಅಂಕಿ ಪರೀಕ್ಷೆ ವಾರದ ಅಂಕಿಗಿಂತ ಮೇಲಿತ್ತು, ಮೊದಲ ದಿನದ್ದಕ್ಕಿಂತ ಕೆಳಗಿತ್ತು. ದಿನಾ ಮಾತ್ರೆ ನುಂಗಿ ಬಂದ ಅಂಕಿ ಅದು. ಅದನ್ನು ಯಾರಿಗೂ ತೋರಿಸಲಿಲ್ಲ.

ಇವರ ಹಳೇ ಕೆಲಸ ಹೋಯಿತು, ಸಂಬಳ ಅರ್ಧವಾಯಿತು. ಕಾಲಿನ ಊತ ಇಳಿದಿದೆ. ಅವರು ಇದ್ದಾರೆ, ಆದರೆ ನನ್ನ ಜೊತೆ ಮೊದಲಿನ ಹಾಗೆ ಮಾತಾಡುವುದಿಲ್ಲ.