ಮೂವತ್ತೆರಡರ ನಂತರದ ಪುಟ

"'ವಿಷ ಬೆರೆಸಿದವನು ಪಾದ್ರಿಯಲ್ಲ, ಮದುಮಗನ ಸೋದರಮಾವ. ಹಜಾರದಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು.'" ಇಷ್ಟು ಓದಿ ಮೇಸ್ತ್ರಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ. "ಮೂವತ್ತೆರಡನೇ ಪುಟದಲ್ಲಿ ಇನ್ನೂ ಟೀ ಕಪ್ಪು ತೊಳೀತಿದಾರೆ. ಹಾಳೆ ತಿರುಗಿಸಿದ್ರೆ ನೂರ ತೊಂಬತ್ಮೂರು! ಕೊಲೆಯೇ ಆಗಿಲ್ಲ, ಕೊಲೆಗಾರ ಸಿಕ್ಕಿಬಿದ್ದ. ಆರುನೂರು ಪ್ರತಿ ಹೀಗೇ ಹೋಗಿವೆ. ಅಂಗಡಿಯವರು ಮೂಟೆ ಕಟ್ಟಿ ವಾಪಸ್ ಬಿಸಾಕಿದಾರೆ."

ಬೈಂಡಿಂಗ್ ಕೋಣೆಯಲ್ಲಿದ್ದ ಏಳು ಹೆಂಗಸರೂ ಕೈಕೆಲಸ ನಿಲ್ಲಿಸಿದರು. ಉದ್ದ ಮೇಜಿನ ತುದಿಯಲ್ಲಿ ದೊಡ್ಡಕ್ಕ ನಿಂತಿದ್ದಳು. ಬೇರೆ ಯಾರದೂ ಅಲ್ಲ, ಅದು ತನ್ನದೇ ಕೆಲಸ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು.

ಮಡಿಚಿದ ಹದಿನಾರು ಪುಟಕ್ಕೆ ಒಂದು ಫಾರಂ. ಹದಿಮೂರು ಫಾರಂ ಸೇರಿದರೆ ಒಂದು ಕಾದಂಬರಿ. ಹದಿಮೂರರ ರಾಶಿಗಳನ್ನೂ ಮೇಜಿನುದ್ದಕ್ಕೆ ಕ್ರಮವಾಗಿ ಇಡುವವಳು ದೊಡ್ಡಕ್ಕ. ಉಳಿದವರು ರಾಶಿಗೊಂದರಂತೆ ಎತ್ತಿಕೊಳ್ಳುತ್ತ ನಡೆದು ಹೊಲಿಗೆಯವಳ ಮುಂದೆ ಇಡುತ್ತಾರೆ. ಪ್ರತಿ ಫಾರಂನ ಬೆನ್ನ ಮೇಲೆ ಒಂದು ಕಪ್ಪು ಗುರುತು, ಒಂದಕ್ಕಿಂತ ಒಂದು ತುಸು ಕೆಳಗೆ. ಸರಿಯಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲಿಳಿದ ಹಾಗೆ ಕಾಣುತ್ತದೆ. ಅಕ್ಷರ ಬಾರದವರಿಗೂ ಅದು ಕಾಣುತ್ತದೆ. ಕಾಣದಿದ್ದುದು ಇಪ್ಪತ್ತೆರಡು ವರ್ಷ ಆ ಮೇಜಿನ ಮುಂದೆ ನಿಂತ ದೊಡ್ಡಕ್ಕನಿಗೆ ಮಾತ್ರ.

ವರ್ಷದ ಹಿಂದೆ ಅವಳ ಎರಡೂ ಕಣ್ಣಿನ ನೋಟದ ನಟ್ಟನಡುವೆ ಮಸಿ ಮೆತ್ತಿದಂತಾಗಿತ್ತು. ಯಾರನ್ನಾದರೂ ನೋಡಿದರೆ ಕಿವಿ ಕಾಣುತ್ತಿತ್ತು, ಮುಖವಿಲ್ಲ. ಕನ್ನಡಕದಿಂದ ಆಗುವಂಥದ್ದಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಹೇಳಿಕೊಂಡರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ತೀರಿಹೋದ ತಮ್ಮನ ಹೆಂಡತಿ, ಅಂದರೆ ಇಲ್ಲಿನ ಹೊಲಿಗೆಯವಳ ಜೊತೆ ಹಂಚಿಕೊಂಡ ಆ ಒಂದೇ ಕೋಣೆಯ ಮೂಲೆಯಲ್ಲಿ ಕೂತು ಅವಳ ಕೈಯಿಂದ ತುತ್ತು ತಿನ್ನಬೇಕು. "ಅಕ್ಷರ ಕಲಿಯದ ದಡ್ಡಿ" ಎಂದು ಹತ್ತು ವರ್ಷ ಅವಳನ್ನು ಹಂಗಿಸಿದ್ದು ತಾನೇ ಅಲ್ಲವೆ? ಅದಕ್ಕಿಂತ ಸಾವು ವಾಸಿ ಅನ್ನಿಸುತ್ತಿತ್ತು ಅವಳಿಗೆ. ಹಾಗಾಗಿ ಮಡಿಚುವ ಮೇಜಿನಿಂದ ಕಟ್ಟುಗಳು ಬಂದ ಕ್ರಮವನ್ನೇ ಮನಸ್ಸಿನಲ್ಲಿ ಎಣಿಸಿಕೊಂಡು ರಾಶಿ ಇಡುತ್ತಿದ್ದಳು. ಒಂದು ವರ್ಷ, ಒಂದು ತಪ್ಪೂ ಇಲ್ಲ. ಒಳಗೊಳಗೇ ಬೀಗುತ್ತಲೂ ಇದ್ದಳು.

"ಒಂದ್ನಿಮಿಷ ಮೇಸ್ತ್ರಿ," ಅಂಟು ಹಚ್ಚುವವಳು ಎದ್ದು ನಿಂತಳು. "ಸೋದರಮಾವ ಎಲ್ಲಿಂದ ಬಂದ? ವಿಷ ಹಾಕಿದ್ದು ವಕೀಲರ ಹೆಂಡ್ತಿ ಅಲ್ವಾ?"

"ಹೌದೌದು! ಬಾಣಲೆ ವಾಸನೆ ನೋಡಿ ಅಡುಗೆಯವಳು ತಾನೆ ಕಂಡುಹಿಡಿದಿದ್ದು? ನಿನ್ನೆ ಊಟದ ಹೊತ್ತಲ್ಲಿ ದೊಡ್ಡಕ್ಕ ಓದಿ ಮುಗಿಸಿದ್ರಲ್ಲ," ಎಂದಳು ಇನ್ನೊಬ್ಬಳು. "ಪ್ರೆಸ್ಸಿನವರೇ ತಪ್ಪು ಅಚ್ಚು ಹಾಕಿರಬೇಕು ಬಿಡಿ."

ಅಯ್ಯೋ, ಪಾಪಿಗಳಾ! ಪ್ರೀತಿಯಿಂದಲೇ ಕೊರಳಿಗೆ ಹಗ್ಗ ಹಾಕುತ್ತಿದ್ದರು.

ಆ ಕಾದಂಬರಿಗಳೋ, ಎಲ್ಲ ಒಂದೇ ಎರಕದವು. ಹಳೆಯ ಇಂಗ್ಲಿಷ್ ಪ್ರೇಮಕಥೆಗಳ ಹಾಗೆ ಒಂದು ಬಂಗಲೆ, ಗುಲಾಬಿ ತೋಟ, ಮೂಗಿನ ತುದಿಯಲ್ಲೇ ಕೋಪವಿರುವ ಸಾಹುಕಾರ, ಅವನಿಗೆ ಸೊಪ್ಪು ಹಾಕದ ಬಡ ಹುಡುಗಿ. ನಡುವೆ ಒಂದು ಕೊಲೆ, ಅದೂ ರಕ್ತ ಕಾಣದ ಹಾಗೆ. ಅಂಚೆ ಕಚೇರಿಯ ಮುದುಕಿಯೊಬ್ಬಳು ಲಕೋಟೆ ವಿಂಗಡಿಸುತ್ತಲೇ ಕೊಲೆಗಾರನನ್ನು ಹಿಡಿಯುತ್ತಾಳೆ. ಕೊನೆಯ ಫಾರಂನಲ್ಲಿ ಮದುವೆ. ಓದಲು ಬಾರದ ಆ ಹೆಂಗಸರಿಗೆ ದೊಡ್ಡಕ್ಕ ಊಟದ ಬಿಡುವಿನಲ್ಲಿ ವರ್ಷಗಳಿಂದ ಓದಿ ಹೇಳುತ್ತಿದ್ದಳು. ಕಣ್ಣು ಹೋದ ಮೇಲೂ ಪುಸ್ತಕ ಹಿಡಿದಳು. ಬಂಗಲೆ ಇತ್ತು, ತೋಟ ಇತ್ತು, ಉಳಿದದ್ದನ್ನು ತಾನೇ ಕಟ್ಟಿದಳು.

"ಯಾವ ಅಡುಗೆಯವಳು?" ಮೇಸ್ತ್ರಿಯ ದನಿ ನಿಧಾನವಾಯಿತು. "ಈ ಪುಸ್ತಕದಲ್ಲಿ ಅಡುಗೆಯವಳು ಬಾಯೇ ಬಿಡಲ್ಲ." ಹತ್ತಿರ ಬಂದು ಅವಳ ಕೈಗೆ ಒಂದು ಪುಸ್ತಕ ಕೊಟ್ಟ. "ಎಲ್ಲಿ, ಒಂದ್ಸಲ ಓದು ದೊಡ್ಡಕ್ಕ. ಎಲ್ಲಾದ್ರೂ ಸರಿ."

ದೊಡ್ಡಕ್ಕ ಪುಸ್ತಕ ಬಿಡಿಸಿದಳು, ಅಂದಾಜಿನಲ್ಲಿ ಒಂದು ಕಡೆ ಬೆರಳಿಟ್ಟಳು. "'ಸಾಹುಕಾರರು ಕಿಟಕಿಯ ಬಳಿ ನಿಂತಿದ್ದರು. ಹುಡುಗಿ ಅವರತ್ತ ತಿರುಗಿಯೂ ನೋಡಲಿಲ್ಲ. ತೋಟದಲ್ಲಿ ಗುಲಾಬಿಗಳು...'" ಓದುತ್ತಾ ಹೋದಳು. ಒಂದೂ ತೊದಲಲಿಲ್ಲ. ಕೋಣೆಯಲ್ಲಿ ಯಾರೋ ಕಿಸಕ್ಕೆಂದು, ಥಟ್ಟನೆ ಬಾಯಿ ಮುಚ್ಚಿಕೊಂಡರು.

"ಸಾಕು ದೊಡ್ಡಕ್ಕ," ಎಂದ ಮೇಸ್ತ್ರಿ. "ಅದು ಡಮ್ಮಿ."

ಡಮ್ಮಿ ಎಂದರೆ ಅಚ್ಚಿಗೆ ಮೊದಲು ದಪ್ಪ ನೋಡಲು ಕಟ್ಟುವ ಖಾಲಿ ಹಾಳೆಯ ಪುಸ್ತಕ. ಬೇಕೆಂದೇ ಕೊಟ್ಟನೋ, ಕೈಗೆ ಸಿಕ್ಕಿದ್ದನ್ನು ಕೊಟ್ಟನೋ, ಅವನಿಗೇ ಗೊತ್ತು.

ದೊಡ್ಡಕ್ಕ ಡಮ್ಮಿಯನ್ನು ಪಟ್ಟನೆ ಮುಚ್ಚಿದಳು. ಮುಳುಗುವವಳ ಹಾಗೆ ಕೈಗೆ ಸಿಕ್ಕಿದ್ದನ್ನು ಹಿಡಿದಳು. "ಹೋಗ್ಲಿ, ಕಣ್ಣು ಮಂಜಾಗಿದೆ, ಒಪ್ಕೋತೀನಿ! ಕೆಲಸದಲ್ಲಿ ಏನು ಕಮ್ಮಿ ಮಾಡಿದೀನಿ? ಒಂದು ವರ್ಷದಿಂದ ಒಂದೇ ಒಂದು ತಪ್ಪು ತೋರಿಸು! ಇದೊಂದು ಬಿಟ್ಟು ಇನ್ನೊಂದು ತೋರಿಸು, ಈಗಲೇ ಹೋಗ್ತೀನಿ. ನಿನ್ನ ಕಾಲಿಗೆ ಬೀಳ್ತೀನಪ್ಪ, ಯಜಮಾನರಿಗೆ ಹೇಳ್ಬೇಡ."

ಮೇಸ್ತ್ರಿ ತಲೆ ಕೆರೆದುಕೊಂಡ. "ಅದೂ ನಿಜವೇ. ಮಂಗಳವಾರದ ಕಟ್ಟು ಬಿಟ್ರೆ ಬೇರೆ ಯಾವುದೂ ವಾಪಸ್ ಬಂದಿಲ್ಲ. ಅದ್ಹೇಗೆ?"

ಮಂಗಳವಾರ. ದೊಡ್ಡಕ್ಕ ಆ ಕಾದಂಬರಿಗಳ ಅಂಚೆ ಮುದುಕಿಯ ಹಾಗೆ ಆ ದಿನವನ್ನು ಬಿಡಿಸಿ ಬಿಡಿಸಿ ನೋಡಿದಳು. ಕಟ್ಟುಗಳು ಕಲಸಿ ಬಂದಿದ್ದವು, ನಿಜ. ಆದರೆ ಅವು ಕಲಸಿ ಬಂದ ದಿನಗಳು ಬೇಕಾದಷ್ಟಿದ್ದವು. ಆ ದಿನ ಬೇರೇನಿತ್ತು? ತಮ್ಮನ ಹೆಂಡತಿ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಅವಳ ಜಾಗದಲ್ಲಿ ಹೊಲಿದವಳು ಅಂಟು ಹಚ್ಚುವವಳು; ದೊಡ್ಡಕ್ಕ ಇಟ್ಟದ್ದೆಂದರೆ ಬೆನ್ನಿನ ಗುರುತು ನೋಡುವ ಗೋಜಿಗೇ ಹೋಗುವವಳಲ್ಲ.

ಅಷ್ಟರಲ್ಲಿ ಹೊಲಿಗೆ ಮೇಜಿನಿಂದ ತಮ್ಮನ ಹೆಂಡತಿ ಎದ್ದಳು. ಕೆನ್ನೆ ಇನ್ನೂ ಊದಿಕೊಂಡೇ ಇತ್ತು.

"ಮಂಗಳವಾರ ನಾನಿರಲಿಲ್ಲ," ಎಂದಳು. "ಇದ್ದಿದ್ರೆ ರಾಶಿ ಬದಲಾಯಿಸ್ತಿದ್ದೆ."

ದೊಡ್ಡಕ್ಕನಿಗೆ ನೀರಿನ ಹೂಜಿ ನೆನಪಾಯಿತು. ಅದಿದ್ದುದು ತನ್ನ ಮೇಜಿನ ಆಚೆ. ದಿನಕ್ಕೆ ಹತ್ತು ಸಲ ಇವಳು ನೀರಿಗೆಂದು ಎದ್ದು ಬರುತ್ತಿದ್ದಳು. "ಎಷ್ಟು ನೀರು ಕುಡೀತೀಯೇ, ಹೊಟ್ಟೆಯೋ ತೊಟ್ಟಿಯೋ? ಕೆಲಸಗಳ್ಳಿ!" ಎಂದು ತಾನು ಎಲ್ಲರ ಮುಂದೆ ಎಷ್ಟು ಸಲ ಬೈದಿದ್ದಳೋ. ಅವಳು ಹಲ್ಲು ಕಚ್ಚಿ ನಕ್ಕು ಹೋಗುತ್ತಿದ್ದಳು. ತನ್ನ ಬೆನ್ನ ಹಿಂದೆ ರಾಶಿಗಳು ಸದ್ದಿಲ್ಲದೆ ಜಾಗ ಬದಲಾಯಿಸುತ್ತಿದ್ದವು.

ದೊಡ್ಡಕ್ಕ ಅಲ್ಲೇ ಕುಸಿದು ಕೂತು ಅತ್ತಳು. ಕೆಲಸ ಹೋಯಿತೆಂದೋ, ಮಾನ ಹೋಯಿತೆಂದೋ, ಕೇಳಿದ್ದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ.

ಯಜಮಾನರು ಕೆಟ್ಟವರಲ್ಲ, ಆದರೆ ಯಜಮಾನರೇ. ಆ ಆರುನೂರು ಪ್ರತಿ ಬಿಚ್ಚಿ ಮುಗಿಯುವವರೆಗೆ ಇರಲಿ, ಆಮೇಲೆ ಬೇಡ ಅಂದರು. ದಾರ ಕತ್ತರಿಸಿ ಫಾರಂ ಬಿಡಿಸುವುದಕ್ಕೆ ಕಣ್ಣು ಬೇಡ, ಬೆರಳು ಸಾಕು. ದೊಡ್ಡಕ್ಕ ಬ್ಲೇಡು ಹಿಡಿದು ಕೂತಳು. ಬೇಗ ಮುಗಿಸಿದಷ್ಟೂ ಬೇಗ ಮನೆಗೆ. ನಿಧಾನ ಮಾಡೋಣವೆಂದರೆ ಇಪ್ಪತ್ತೆರಡು ವರ್ಷ ಪಳಗಿದ ಕೈ ಕೇಳುತ್ತಿರಲಿಲ್ಲ.

ಎರಡನೆಯ ಸಂಜೆ ಬಸ್ ನಿಲ್ದಾಣದಲ್ಲಿ ಅವಳು ತಮ್ಮನ ಹೆಂಡತಿಯನ್ನು ಕೇಳಿಯೇಬಿಟ್ಟಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನೀವು ನನ್ನ ಸುಮ್ನೆ ಬಿಡ್ತಿದ್ರಾ ಅತ್ತಿಗೆ?"

"ಕಥೆ ಕಟ್ಟಿದ್ದೂ ಗೊತ್ತಿತ್ತಾ?"

"ಕಣ್ಣು ಕಾಣ್ದೆ ಓದ್ತಾರೆ ಅಂದ್ರೆ ಕಟ್ಟಿ ಹೇಳ್ತಾರೆ ಅಂತ ತಾನೆ? ಅಕ್ಷರ ಬರಲ್ಲ ಅಷ್ಟೇ, ಬುದ್ಧಿ ಇಲ್ವಾ ನಂಗೆ?" ಬಸ್ಸು ಬರುವ ದಾರಿ ನೋಡುತ್ತ ಹೇಳಿದಳು, "ಮೊದಲು ಬರೀ ಸಾಹುಕಾರ್ರು, ಅವರ ಕುದುರೆ. ಈಗ ಅಡುಗೆಯವಳೂ ಮಾತಾಡ್ತಾಳೆ."

ದೊಡ್ಡಕ್ಕ ಮುಖ ಬೇರೆ ಕಡೆ ತಿರುಗಿಸಿಕೊಂಡಳು. "ಮುಂದೆ ಹಗಲೆಲ್ಲ ಆ ಕೋಣೆಯಲ್ಲಿ ಒಬ್ಬಳೇ ಕೂತು ಏನು ಮಾಡ್ಲೇ ನಾನು? ಹುಚ್ಚು ಹಿಡಿಯುತ್ತೆ ನಂಗೆ." ಬಸ್ಸು ಬಂತು. ಮೆಟ್ಟಿಲು ಹತ್ತುವಾಗ ತಮ್ಮನ ಹೆಂಡತಿ ದೊಡ್ಡಕ್ಕನ ಮೊಣಕೈ ಹಿಡಿದಳು. ದೊಡ್ಡಕ್ಕ ಕೊಡವಲಿಲ್ಲ.

ನಾಲ್ಕನೆಯ ದಿನ ಊಟದ ಗಂಟೆಗೆ ಮೊದಲೇ ಕೊನೆಯ ಪ್ರತಿಯ ದಾರ ಕತ್ತರಿಸಿ ಆಯಿತು. ದೊಡ್ಡಕ್ಕ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಮೇಸ್ತ್ರಿಯ ಕೈಗೆ ಕೊಟ್ಟಳು, ಮೇಜನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಒರೆಸಿದಳು, ಚೀಲ ಹೆಗಲಿಗೆ ಹಾಕಿಕೊಂಡಳು. ಹೆಂಗಸರು ಡಬ್ಬಿ ಬಿಚ್ಚಿ ಎಂದಿನಂತೆ ಕಾಗದದ ಕಟ್ಟುಗಳ ಮೇಲೆ ಕೂತಿದ್ದರು. ಯಾರೂ ತಿನ್ನುತ್ತಿರಲಿಲ್ಲ.

ತಮ್ಮನ ಹೆಂಡತಿ ಬಂದು ಅವಳ ಚೀಲ ಇಳಿಸಿ, ಕೈಗೆ ಒಂದು ಪುಸ್ತಕ ಇಟ್ಟಳು.

"ಯಾವುದೇ ಇದು?"

"ಡಮ್ಮಿ."

"ಮದುವೆ ಆದ್ಮೇಲೆ ಆ ಅಡುಗೆಯವಳು ಏನಾದ್ಲು, ಅದನ್ನ ಓದಿ," ಎಂದಳು ಅಂಟು ಹಚ್ಚುವವಳು. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದವನು ಹೊರಗೂ ಹೋಗಲಿಲ್ಲ, ಒಳಗೂ ಬರಲಿಲ್ಲ.

ದೊಡ್ಡಕ್ಕ ಕೂತಳು. ಗಂಟಲು ಸರಿಮಾಡಿಕೊಂಡಳು. "'ಬಂಗಲೆಯವರೆಲ್ಲ ಮದುವೆಯ ಗಾಡಿ ಹತ್ತಿ ಹೋದರು,'" ಎಂದು ಶುರುಮಾಡಿದಳು. "'ಅಡುಗೆಯವಳು ಒಲೆ ಆರಿಸಿದಳು. ಇಷ್ಟು ದೊಡ್ಡ ಮನೆಯಲ್ಲಿ ಇನ್ನು ಅವಳಿಗೆ ಕೆಲಸವಿರಲಿಲ್ಲ...'"

ಎಡಪುಟ ಮುಗಿಯಿತು, ಬಲಪುಟ ಮುಗಿಯಿತು. ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಹಾಳೆ ತಿರುಗಿಸಿದಳು. ಎರಡು ಹಾಳೆ ಒಟ್ಟಿಗೆ ಹೋದವು. ತಮ್ಮನ ಹೆಂಡತಿ ಮೆಲ್ಲನೆ ಕೈ ಚಾಚಿ, ಒಂದನ್ನು ಹಿಂದಕ್ಕೆ ಮಗುಚಿದಳು.