ಆಚೆಯ ಮೇಜು

ಓಲೀಟಾ ಮತ್ತೆ ತುಟಿಗೆ ಬಣ್ಣ ಹಚ್ಚಿಕೊಂಡಳು, ಈ ವಯಸ್ಸಿನಲ್ಲಿ, ಡೀಸೆಲ್ ವಾಸನೆಯ ಈ ಅಗ್ನಿಶಾಮಕ ಠಾಣೆಯಲ್ಲಿ, ಯಾರು ನೋಡಲೆಂದು, ಅವಳ ಮೇಜಿಗೆ ಬೆಳಗಿನಿಂದ ಒಬ್ಬ ಮತದಾರನೂ ಬಂದಿಲ್ಲ, ಪಾಪ — ಪಾಪ ಅನ್ನುವಾಗಲೇ ನನಗೆ ಒಳಗೊಳಗೇ ಹಿತವಾಗುತ್ತದೆ, ಅದು ಒಳ್ಳೆಯದಲ್ಲ ನೆಲ್ಡಾ — ನನ್ನದು ರಿಪಬ್ಲಿಕನ್ ಮೇಜು, ಅವಳದು ಡೆಮಾಕ್ರಟಿಕ್, ಪಕ್ಷಗಳು ತಮ್ಮ ಅಭ್ಯರ್ಥಿ ಆರಿಸುವ ಪ್ರೈಮರಿಯ ದಿನ ನಮ್ಮ ಊರಿನಲ್ಲಿ ಒಂದೇ ಸೂರಿನ ಕೆಳಗೆ ಎರಡು ಮೇಜು, ಯಾವ ಪಕ್ಷದ ಅಭ್ಯರ್ಥಿಯನ್ನು ಆರಿಸಬೇಕೋ ಆ ಮೇಜಿನ ಮುಂದೆ ಎಲ್ಲರ ಕಣ್ಣೆದುರು ಹೋಗಿ ನಿಲ್ಲಬೇಕು, ಮತ ಗುಟ್ಟು, ಮೇಜು ಗುಟ್ಟಲ್ಲ, ನಾವು ಪ್ರಾಯದವರಿದ್ದಾಗ ಟೆಕ್ಸಸ್ಸಿನ ಈ ಮೂಲೆಯಲ್ಲಿ ಎಲ್ಲರೂ ಅವಳ ಪಕ್ಷದವರೇ, ಈಗ ಎಲ್ಲರೂ ನನ್ನ ಸಾಲಿನಲ್ಲಿ, ಬಾಗಿಲು ದಾಟಿ ಅಂಗಳದವರೆಗೆ, ಟೀಚರ್ ಚೆನ್ನಾಗಿದೀರಾ, ಚೆನ್ನಾಗಿದೀನಪ್ಪ ಇಲ್ಲಿ ಸಹಿ ಹಾಕು, ಈ ಹುಡುಗನಿಗೆ ನಾನೇ ಮಗ್ಗಿ ಕಲಿಸಿದ್ದು, ಈಗ ಬೋಳುತಲೆ, ಟೀಚರ್, ಓಲೀಟಮ್ಮ ಅಲ್ಲಿ ನೊಣ ಹೊಡೀತಾ ಕೂತಿದಾರಲ್ಲ, ಶ್, ರಾಜಕೀಯ ಮಾತಾಡಬಾರದು ಇಲ್ಲಿ, ರಾಜಕೀಯ ಅಲ್ಲ ಟೀಚರ್ ನೊಣದ ಮಾತು — ನಗಬಾರದು, ಆದರೆ ನಕ್ಕೆ. ಅವಳಿಗೆ ಕೇಳಿಸಿತೇ, ಕೇಳಿಸಿದರೂ ತೋರಿಸಿಕೊಳ್ಳುವವಳಲ್ಲ, ಬೆಳಿಗ್ಗೆ ಬುಟ್ಟಿ ತುಂಬ ಏಪ್ರಿಕಾಟ್ ತುಂಬಿದ ಬನ್ನು ಮಾಡಿ ತಂದು ಮೊದಲನೆಯದನ್ನು ನನ್ನ ಮುಂದೆಯೇ ಇಟ್ಟಳು, ತಗೋ ನೆಲ್ಡಾ, ನಿಂಗೆ ಮಧ್ಯಾಹ್ನದವರೆಗೂ ಏಳೋಕಾಗಲ್ಲ, ಒಳ್ಳೆಯವಳು, ಅದೇ ತೊಂದರೆ, ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಅದೇ ಏಪ್ರಿಕಾಟ್ ವಾಸನೆ ಹೊತ್ತು ನನ್ನ ಗಂಡ ಹಾರ್ಲನ್ ಮನೆಗೆ ಬರುತ್ತಾನೆ, ಹೋದ ವರ್ಷ ಅವಳ ಗಂಡ ಬಕ್ ತೀರಿಕೊಂಡ ಮೇಲೆ, ಅವಳ ಬಾವಿಯ ಪಂಪು ಕೆಟ್ಟಿತ್ತು ಕಣೇ, ಅವಳ ಬೇಲಿ ಬಿದ್ದಿತ್ತು ಕಣೇ, ಒಂದು ಮನೆಯಲ್ಲಿ ಅಷ್ಟೊಂದು ವಸ್ತು ಹೇಗೆ ಕೆಡುತ್ತವೆ, ಬನ್ನು ಹೇಗಿತ್ತು ಅಂದರೆ ಮೆತ್ತಗಿತ್ತು ಅಂದ, ನನ್ನ ಅಡುಗೆಗೆ ಅವನು ಇಷ್ಟು ವರ್ಷದಲ್ಲಿ ಮೆತ್ತಗೆ ಅಂದದ್ದು ನೆನಪಿಲ್ಲ.

ಬಂದ. ಬಾಗಿಲಲ್ಲಿ ನಿಂತು ಬೂಟು ಒರೆಸಿಕೊಳ್ಳುವ ಶಬ್ದಕ್ಕೇ ಗೊತ್ತಾಯಿತು, ನನ್ನ ಸಾಲಿನ ಕೊನೆಗೆ ನಿಲ್ಲುತ್ತಾನೆ, ಪ್ರತಿ ಸಲ ಹಾಗೇ, ತನ್ನ ಸರದಿ ಬಂದಾಗ ಗುರುತಿನ ಚೀಟಿ ನೋಡ್ತೀಯಾ ಯಜಮಾನ್ತಿ ಅಂತ ಕೀಟಲೆ ಮಾಡುತ್ತಾನೆ, ನಾನು ನೋಡುತ್ತೇನೆ, ಸಾಲು ನಗುತ್ತದೆ — ಇವತ್ತು ಸಾಲನ್ನು ಬಳಸಿಕೊಂಡು ನಡೆದ, ಖಾಲಿ ನೆಲದ ಮೇಲೆ, ಕಾಫಿಗಿರಬೇಕು, ಕಾಫಿಯ ಮೇಜನ್ನೂ ದಾಟಿದ, ಹ್ಯಾಟು ತೆಗೆದು ಓಲೀಟಾಳ ಮೇಜಿನ ಮೇಲೆ ಅಂಗಾತ ಇಟ್ಟ, ಒಳಗಿನ ಬೆವರಿನ ಕಲೆ ಕಾಣುವ ಹಾಗೆ, ಆ ಕಲೆ ನಾನು ಮಾತ್ರ ನೋಡಿದ್ದ ಕಲೆ, ಭಾನುವಾರ ನಾನು ಉಜ್ಜುವ ಕಲೆ. ಅವನ ಕಿವಿ ಮಂದ, ಅದಕ್ಕೇ ಅವಳೂ ಜೋರಾಗಿ, ಹಾರ್ಲನ್, ದಾರಿ ತಪ್ತಾ, ನಿನ್ ಹೆಂಡ್ತಿ ಅಲ್ಲಿದಾಳೆ. ನನ್ ಹೆಂಡ್ತಿ ಎಲ್ಲಿ ಕೂತಿದಾಳೆ ಅಂತ ನಂಗೊತ್ತು, ನಿಮ್ ಕಡೆ ಮತಪತ್ರ ಕೊಡು. ನೋಡಪ್ಪಾ, ಒಂದ್ಸಲ ಇಲ್ಲಿ ಮುದ್ರೆ ಒತ್ತಿದ್ರೆ ಈ ವರ್ಷ ಪೂರ್ತಿ ನೀನು ನಮ್ಮವನೇ, ಎರಡನೇ ಸುತ್ತು ಮತದಾನ ಆದ್ರೂ ಅವಳ ಮೇಜಿಗೆ ಹೋಗೋ ಹಾಗಿಲ್ಲ. ಒತ್ತಮ್ಮ, ಒತ್ತು. ಈ ವರ್ಷ ಪೂರ್ತಿ ನಮ್ಮವನೇ — ನಿಯಮವನ್ನೇ ಹೇಳಿದಳು, ಎಲ್ಲರಿಗೂ ಹೇಳಬೇಕಾದ ನಿಯಮ, ಆದರೆ ಆ ಬಣ್ಣ ಹಚ್ಚಿದ ತುಟಿಯಿಂದ, ನನ್ನ ಸಾಲಿನಲ್ಲಿ ಯಾರೋ ಕೆಮ್ಮಿದರು, ಬೋಳುತಲೆಯವನು ಪೆನ್ನನ್ನೇ ನೋಡುತ್ತ ನಿಂತ, ಅದೂ ಒಂದು ದಯೆ.

ಆಮೇಲೆ ಅವಳು ನನ್ನನ್ನು ಕೇಳಲೇಬೇಕಿತ್ತು, ಒಬ್ಬನೇ ಎರಡೂ ಕಡೆ ಮತ ಹಾಕಬಾರದಲ್ಲ, ಒಂದು ಮೇಜು ಇನ್ನೊಂದು ಮೇಜನ್ನು ಕೂಗಿ ಕೇಳಬೇಕು, ನೆಲ್ಡಾ, ಹಾರ್ಲನ್ ನಿನ್ ಹತ್ರ ತಗೊಂಡಾಗಿದೆಯಾ? ಹೂಂ ಅಂದುಬಿಟ್ಟರೆ ಸಾಕು, ಅವನನ್ನು ಮನೆಗೆ ಕಳಿಸುತ್ತಾರೆ, ಮುದ್ರೆಯಿಲ್ಲ, ಯಾರವನೂ ಅಲ್ಲ, ನನ್ನ ನಾಲಿಗೆಯ ಮೇಲೆ ಆ ಹೂಂ ಕೂತೇ ಇತ್ತು, ಬಿಸಿಯಾಗಿ, ಹಾರ್ಲನ್ ತಿರುಗಿ ನೋಡಿದ, ಭಯವಿಲ್ಲದ ಮುಖ, ನಾನು ಸುಳ್ಳು ಹೇಳಬಲ್ಲೆ ಅನ್ನುವ ಯೋಚನೆಯೇ ಇಲ್ಲದ ಮುಖ. ಇಲ್ಲ, ನನ್ನ ಹತ್ರ ತಗೊಂಡಿಲ್ಲ. ಜೋರಾಗಿ ಹೇಳಿ ಟೀಚರ್, ಕೇಳಿಸ್ಲಿಲ್ಲ ಅವ್ರಿಗೆ. ನನ್ನ ಹತ್ರ ಇಲ್ಲ ಓಲೀಟಾ, ಕೊಡು. ಧಪ್ ಅಂತ ಮುದ್ರೆ ಬಿತ್ತು. ಮತಪತ್ರ ಹಿಡಿದು ನನ್ನ ಪಕ್ಕದಿಂದ ಹಾದು ಹೋಗುತ್ತ ಬಗ್ಗಿದ, ತಾನು ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು ಊರಿಗೇ ಕೇಳುವ ಹಾಗೆ, ಬೆಳಗಿಂದ ಅವಳ ಹತ್ರ ಒಬ್ಬನೂ ಹೋಗಿಲ್ಲ ಕಣೇ, ನಿಂಗೆ ಬಾಗಿಲಾಚೆತನಕ ಜನ, ಅಲ್ಲಿ ಒಂಟಿಯಾಗಿ ನೀನು ಕೂತಿದ್ರೂ ನಾನು ಬರ್ತಿದ್ದೆ. ಅಷ್ಟೇ. ಅಷ್ಟೇ, ಸಮಾಧಾನ ಆಗಬೇಕಿತ್ತು, ಅವನು ಹಾಗೇ ಅಲ್ಲವೇ, ಒಂಟಿಯಾದವರು ಎಲ್ಲಿದ್ದರೂ ಅವನ ಕಣ್ಣಿಗೆ ಬೀಳುತ್ತಾರೆ, ನಾನು ಮೆಚ್ಚಿದ್ದೂ ಅದನ್ನೇ — ಆ ನೃತ್ಯದ ಸಂಜೆ, ಊರಿಗೆ ಹೊಸ ಟೀಚರ್, ಯಾರೂ ಕರೆಯದೆ ಗೋಡೆಗೆ ಒರಗಿ ಕೂತಿದ್ದೆ, ಓಲೀಟಾಳ ಸುತ್ತ ಹುಡುಗರ ಸಾಲು, ಆ ಸಾಲಿನ ಮುಂದೆಯೇ ಇದ್ದ ಹಾರ್ಲನ್ ಅದನ್ನು ಬಿಟ್ಟು ಖಾಲಿ ನೆಲ ದಾಟಿ ನನ್ನ ಹತ್ತಿರ ಬಂದ, ನನ್ನನ್ನು ಆರಿಸಿದ ಅಂದುಕೊಂಡೆ, ಜೀವಮಾನವೆಲ್ಲ ಹಾಗೇ ಅಂದುಕೊಂಡಿದ್ದೆ, ನನ್ನ ಹತ್ತಿರ ಯಾರೂ ಹೋಗಿಲ್ಲವೆಂದು ಬಂದನೇ — ಇಲ್ಲ, ಹಾಗಲ್ಲ, ಹಾಗಿರಬಾರದು, ಟೀಚರ್ ನಂದು ಆಯ್ತಾ, ಆಯ್ತಪ್ಪ, ಮುಂದೆ ಬನ್ನಿ, ಅವನು ಮತ ಹಾಕುವ ಜಾಗದಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದಾನೆ, ಹ್ಯಾಟು ಮಾತ್ರ ಅವಳ ಮೇಜಿನಲ್ಲೇ, ಓಲೀಟಾ ಅದನ್ನು ಒಂದು ಕೈಯಲ್ಲಿ ಎತ್ತಿ, ಮೇಜಿನ ಮೇಲಿನ ಬನ್ನಿನ ಅಂಟನ್ನು ಒರೆಸಿ, ಕೆಳಗೊಂದು ಬಿಳಿ ಕಾಗದ ಹಾಸಿ, ಮೆಲ್ಲಗೆ ಮತ್ತೆ ಇಟ್ಟಳು, ಬಿಳಿ ಕಾಗದದ ಮೇಲೆ ಅಂಗಾತ, ಟೀಚರ್, ಟೀಚರ್ ಎಲ್ಲಿ ಸಹಿ, ಆ ಬೆವರಿನ ಕಲೆ, ಅಂಗಾತ, ಅವಳ ಕೈ ಇನ್ನೂ ಅದರ ಅಂಚಿನ ಮೇಲೆ